ಎತ್ತಿಟ್ಟ ದೋಣಿಯಲ್ಲಿ ಮಳೆನೀರು

ಹೊದಿಕೆಯ ಒಂದು ಬದಿ ಸರಿಸಿದಾಗ ದೋಣಿಯೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ಸೀಟಿನ ಮೆತ್ತೆಗಳು ತೇಲುತ್ತಿದ್ದವು. ತಳದ ಹಲಗೆ ಉಬ್ಬಿ ಬಿರಿದಿತ್ತು.

"ಯಾರೋ ಬೇಕಂತ್ಲೇ ಮಾಡಿದ್ದಾರೆ ಮೇಡಂ. ಯಾರೋ ಏನು, ಅವನೇ, ನನ್ನ ಗೆಳೆಯ ಸಂಗನಬಸಪ್ಪ!" ಎಂದರು ದೋಣಿಯ ಒಡೆಯ ಶಿವಪ್ರಕಾಶ್.

ಹೊರದೇಶದ ಎವರ್‌ಗ್ರೀನ್ ಬಡಾವಣೆಯ ಆ ಮನೆಯ ಪಕ್ಕದಂಗಳದಲ್ಲಿ ಹೇಮಶ್ರೀ ದೋಣಿಗೊಂದು ಸುತ್ತು ಬಂದಳು. ವಿಮಾ ಕಂಪನಿಯಲ್ಲಿ ತನಿಖೆ ಮಾಡಿ ನಿವೃತ್ತಳಾದವಳು ಅವಳು. ಪೊಲೀಸರಿಗೆ ಹೇಳಲಾಗದ ತೊಂದರೆ ಬಂದರೆ ಅಲ್ಲಿಯ ಕನ್ನಡಿಗರಿಗೆ ಅವಳ ನೆನಪಾಗುತ್ತಿತ್ತು. ಅವಳ ಹಳೆಯ ಸಹೋದ್ಯೋಗಿ ಗುರುಕಿರಣ ಎಂದಿನಂತೆ ಜೊತೆಗಿದ್ದ.

ಹೊದಿಕೆ ಎಷ್ಟು ಬಿಗಿದರೂ ಮಳೆನೀರು ಒಳಗಿಳಿಯುತ್ತದೆ. ಅದಕ್ಕೇ ಚಳಿಗಾಲಕ್ಕೆ ದೋಣಿ ಎತ್ತಿಡುವಾಗ, ನೀರು ಹರಿದುಹೋಗಲೆಂದು, ಹಿಂಬದಿಯ ತೂತಿನ ಬಿರಡೆ ಬಿಚ್ಚಿಡಬೇಕು. ಇಲ್ಲಿ ಬಿರಡೆ ಬಿಗಿಯಾಗಿ ಕೂತಿತ್ತು.

"ನಾನೇ ಪ್ಲಗ್ಗು ಬಿಚ್ಚಿದ್ದೆ. ಗೇಟಿನ ಕೀ ನಮ್ಮನೇಲೊಂದು, ಅವನ ಹತ್ರ ಒಂದು. ಬೋಟು ಮಾರಿಬಿಡು ಅಂತ ಪ್ರಾಣ ತಿಂತಿದ್ದ. ಒಪ್ಪಲಿಲ್ಲ ಅಂತ ಹಾಳುಮಾಡಿದ. ಹೋದವಾರ ಇಲ್ಲೇ ನಿಲ್ಲಿಸಿ ಉಗಿದೆ."

ಹೊದಿಕೆಯ ಇನ್ನೊಂದು ಬದಿಯಲ್ಲಿ ಒಂದರ ಮೇಲೊಂದು ಎರಡು ಹಗ್ಗ ಬಿಗಿದಿತ್ತು. ಎರಡರ ಗಂಟೂ ಒಂದೇ ಬಗೆ, ಎಡಚರು ಹಾಕುವಂಥದು. ಹೇಮಶ್ರೀ ಹಿಂದೆ ತೂಗುತ್ತಿದ್ದ ಎಂಜಿನ್ನಿನ ಎಣ್ಣೆ ನೋಡಿದಳು. ಎತ್ತಿಡುವ ಮುಂಚೆ ಹಾಕುವ ಹೊಸ ಎಣ್ಣೆ, ಆದರೆ ಅಳತೆಕಡ್ಡಿಯ ಗೆರೆಗಿಂತ ಬಹಳ ಮೇಲೆ.

ಒಳಗೆ ಶಿವಪ್ರಕಾಶ್ ಗುರುಕಿರಣನಿಗೆ ಕಾಫಿ ಕೊಟ್ಟರು. "ಎಡಗೈ ನಂದು, ತಪ್ಪು ತಿಳ್ಕೋಬೇಡಿ. ಅಂದಹಾಗೆ ಯಾವೂರು ನಿಮ್ದು?"

ಇದನ್ನು ಅವರು ಬಾಗಿಲಲ್ಲೇ ಒಮ್ಮೆ ಕೇಳಿದ್ದರು. ದುಃಖದಲ್ಲಿ ಮರೆತಿರಬೇಕೆಂದುಕೊಂಡು ಗುರುಕಿರಣ ಮತ್ತೆ ಹೇಳಿದ. ಶಿವಪ್ರಕಾಶರ ಹೆಂಡತಿ ಪಂಕಜಾ ತಲೆ ತಗ್ಗಿಸಿದರು.

ಭಾನುವಾರ ಹೇಮಶ್ರೀ ಎಲ್ಲರನ್ನೂ ಅದೇ ಮನೆಯಲ್ಲಿ ಕೂರಿಸಿದಳು. ಧಾರವಾಡ ಮೂಲದ ಸಂಗನಬಸಪ್ಪನವರೂ ಬಂದಿದ್ದರು. ಶಿವಪ್ರಕಾಶ್ ಅವರತ್ತ ನೋಡಲಿಲ್ಲ.

"ಹಾಳುಮಾಡಲು ಬಂದವನು ಎಂಜಿನ್ನಿಗೆ ಹೊಸ ಎಣ್ಣೆ ಹಾಕುವುದಿಲ್ಲ," ಎಂದು ಹೇಮಶ್ರೀ ಶುರುಮಾಡಿದಳು. "ಇಲ್ಲಿ ಎಣ್ಣೆ ಎರಡು ಸಲ ಬಿದ್ದಿದೆ. ಹಗ್ಗವೂ ಎರಡು ಸಲ…"

ಸಂಗನಬಸಪ್ಪ ತಟ್ಟನೆ ಎದ್ದರು. "ಸಾಕರೀ. ಪ್ಲಗ್ಗು ನಾನ ಹಾಕೀನಿ. ತಪ್ಪು ನಂದ. ಇಲ್ಲಿಗೆ ಬಿಟ್ಟಬಿಡ್ರಿ."

"ಎಣ್ಣೆಯನ್ನೂ ನೀವೇ ಹಾಕಿದಿರಾ?"

"ಎಂಥಾ ಎಣ್ಣಿ?" ಎಂದವರು ಮಾತು ತಡೆದರು.

"ಸುಳ್ಳು ಯಾಕೆ ಹೇಳ್ತಿದ್ದೀರಿ ಅಂತ ನನಗೆ ಗೊತ್ತು," ಎಂದಳು ಹೇಮಶ್ರೀ ಮೆಲ್ಲಗೆ. "ಬೋಟು ಮಾರು ಅಂದದ್ದು ಯಾಕೆ?"

ಅವರು ಮತ್ತೆ ಕೂತುಬಿಟ್ಟರು. "ಸೆಪ್ಟೆಂಬರದಾಗ ಬೋಟಿನ್ಯಾಗ ಹೊಳ್ಳಿ ಬರೂವಾಗ ಅವಂಗ ದಾರಿ ಹೊಳೀಲಿಲ್ಲರೀ. ಸ್ವಚ್ಛ ಬಿಸಲು. ಎದುರಿಗೇ ನೀರಿನ ದಂಡಿ. ಎತ್ಲಾಗ ಹೋಗಬೇಕೋ ಬಸ್ಯಾ ಅಂತ ನನ್ನ ಕೈ ಹಿಡಕೊಂಡ."

ಪಂಕಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ಕಾರಲ್ಲಿ ದಿನಾ ಇಳಿಯೋ ಫ್ರೀವೇ ಎಕ್ಸಿಟ್ಟೂ ತಪ್ಪಿಸ್ತಾರೆ. ವಯಸ್ಸು ಅಂತ ಸುಮ್ಮನಿದ್ದೆ."

ಗುರುಕಿರಣನಿಗೆ ಆಗ ಅರ್ಥವಾಯಿತು. ಹೇಮಶ್ರೀ ಮುಂದೆ ಹೇಳದಿದ್ದರೆ ಸಾಕಿತ್ತೆನಿಸಿತು. ಆದರೆ ಅವಳು ಶಿವಪ್ರಕಾಶರ ಪಕ್ಕ ಹೋಗಿ ಕೂತಳು.

"ಮೊದಲ ಸಲ ನೀವು ಎಲ್ಲ ಸರಿಯಾಗೇ ಮಾಡಿದಿರಿ ಸರ್. ಮಾಡಿದ್ದು ಮರೆತುಹೋಯಿತು. ಮತ್ತೆ ಎಣ್ಣೆ ಹಾಕಿದಿರಿ. ತೂತು ತೆರೆದಿದೆ ಅಂತ, ನೀರಿಗಿಳಿಸುವ ಮುಂಚೆ ಮಾಡುವ ಹಾಗೆ, ಬಿರಡೆ ಬಿಗಿದಿರಿ. ಹೊದಿಕೆಗೆ ಇನ್ನೊಂದು ಹಗ್ಗ ಕಟ್ಟಿದಿರಿ. ಎರಡೂ ನಿಮ್ಮ ಎಡಗೈ ಗಂಟು. ಇದನ್ನ ಮುಚ್ಚಿಟ್ಟರೆ ನೀವು ಬೇಸಿಗೆಗೆ ಇನ್ನೊಂದು ದೋಣಿ ತಗೊಂಡು ಒಬ್ಬರೇ ನೀರಿಗೆ ಹೋಗ್ತೀರಿ. ಡಾಕ್ಟರ ಹತ್ತಿರ ಹೋಗಲೇಬೇಕು."

ಶಿವಪ್ರಕಾಶ್ ಕೂಗಾಡಲಿಲ್ಲ. ಹೆಂಡತಿಯ ಮುಖ ನೋಡಿದರು. ಅಲ್ಲಿ ಕಂಡದ್ದೇ ಸಾಕಾಯಿತೇನೋ, ಕುರ್ಚಿಯಲ್ಲಿ ಕುಸಿದರು. ಆಮೇಲೆ ಗೆಳೆಯನತ್ತ ತಿರುಗಿದರು.

"ಯಾಕೋ ಬಸ್ಯಾ, ಅಷ್ಟು ದೂರ ಕೂತಿದ್ದೀಯ? ನಾನು ನಿಂಗೇನಾದ್ರೂ ಬೈದ್ನಾ?"

ಆ ಪ್ರಶ್ನೆಯಲ್ಲಿ ನಟನೆ ಇರಲಿಲ್ಲ. ಸಂಗನಬಸಪ್ಪ ಎದ್ದು ಬಂದು ಅವರ ಪಕ್ಕದಲ್ಲಿ ಕೂತು ಭುಜದ ಮೇಲೆ ಕೈಯಿಟ್ಟರು.

"ಇಲ್ಲೋ," ಎಂದರು. "ನೀ ನನಗೇನೂ ಅಂದಿಲ್ಲ."