ಚಕ್ರದಡಿಯ ಕಲ್ಲು

"ಆ ಮೂರು ದಾರಿ ಕೂಡೋ ಕಡೆ ಮಾತ್ರ ಬ್ಯಾಡ ಮಾರಾಯ್ರೇ. ಯಾರ್ಯಾರದೋ ಮೈಮೇಲಿನ ಮಾಟ ತೆಗೆಸಿ ತಂದು ಹಾಕೋ ಜಾಗ ಅದು. ನಮ್ಮ ಅಂಗಳದಲ್ಲೇ ಗಾಡಿ ನಿಲ್ಲಿಸ್ಕೊಳ್ಳಿ. ದುಡ್ಡುಗಿಡ್ಡು ಎಂತದೂ ಬ್ಯಾಡ."

ಮುತ್ತಿನಕೊಪ್ಪ ದಾಟಿದ ಮೇಲೆ ಸಿಗುವ ಚಹಾದಂಗಡಿಯ ಶಾಂತಕ್ಕ ಹೀಗೆಂದಾಗ ಪ್ರಶಾಂತನಿಗೆ ನಗು ತಡೆಯಲಿಲ್ಲ. ವ್ಯಾನಿನೊಳಗೇ ಹಾಸಿಗೆ, ಒಲೆ, ಸಿಂಕು ಕೂಡಿಸಿಕೊಂಡು ಹೆಂಡತಿ ಸುಮನಾಳ ಜೊತೆ ಊರೂರು ಅಲೆಯುವ ಆಸಾಮಿ ಅವನು. ಲಾಡ್ಜಿಗೆ ಕಾಸು ಬಿಚ್ಚದೆ ರಾತ್ರಿ ಎಲ್ಲೆಲ್ಲಿ ತಂಗಬಹುದೆಂದು ವಿಡಿಯೋ ಮಾಡಿ ಲೋಕಕ್ಕೆ ಬುದ್ಧಿ ಹೇಳುವುದೇ ಅವನ ದೊಡ್ಡಸ್ತಿಕೆ. ಪೆಟ್ರೋಲ್ ಬಂಕು, ಶಾಲೆಯ ಮೈದಾನ, ದೇವಸ್ಥಾನದ ಬಯಲು ಎಲ್ಲ ಆಗಿದ್ದವು. ಯಾರದೋ ಅಂಗಳದಲ್ಲಿ ನಿಂತು ಅವರ ಹರಟೆ ಕೇಳುವ ಕರ್ಮ ಅವನಿಗೆ ಬೇಕಿರಲಿಲ್ಲ.

"ಮಾಟಕ್ಕೆ ಪಾರ್ಕಿಂಗ್ ಫೀಸ್ ಇಲ್ವಲ್ಲ ಅಕ್ಕ?" ಎಂದು ಅವಳ ಮುಖಕ್ಕೇ ಕ್ಯಾಮೆರಾ ಹಿಡಿದ. ಶಾಂತಕ್ಕ ಸೆರಗಿನಿಂದ ಮುಖ ಮರೆಮಾಡಿಕೊಂಡಳು. ಸುಮನಾ ನಾಚಿಕೆಯಿಂದ ತಲೆ ತಗ್ಗಿಸಿದಳು.

ಮೂರು ದಾರಿ ಕೂಡುವ ಆ ಜಾಗ ತಲುಪಿದಾಗ ಕಾಡಿನೊಳಗೆ ಆಗಲೇ ಕತ್ತಲಿಳಿಯುತ್ತಿತ್ತು. ಕೊಳೆತ ಎಲೆಯ ವಾಸನೆ. ಅದರ ನಡುವೆ ಎಲ್ಲಿಂದಲೋ ಸುಟ್ಟ ಮೆಣಸಿನಕಾಯಿಯ ಘಾಟು. ವ್ಯಾನು ಎಡಕ್ಕೆ ವಾಲಿ ನಿಂತಿತು. ವಾಲಿದ ಹಾಸಿಗೆಯಲ್ಲಿ ಮಲಗುವುದು ಹೇಗೆ? ಪ್ರಶಾಂತ ಸುತ್ತ ನೋಡಿದ. ಮರದ ಬುಡದಲ್ಲಿ ಕುಂಕುಮ ಒಣಗಿದ, ಕೂದಲು ಸುತ್ತಿದ ಚಪ್ಪಟೆ ಕಲ್ಲೊಂದಿತ್ತು. ಅದನ್ನೆತ್ತಿ, ಅಡಿಯಲ್ಲಿದ್ದ ಕಪ್ಪು ಬಟ್ಟೆಯ ಗಂಟನ್ನು ಕಾಲಿನಿಂದ ತಳ್ಳಿ, ಕಲ್ಲನ್ನು ಚಕ್ರದಡಿ ಕೊಟ್ಟ. ಗಾಡಿ ಸಮವಾಯಿತು.

ಜೀರುಂಡೆಗಳ ಸದ್ದು ಒಮ್ಮೆಲೇ ನಿಂತಿತು.

ಇಬ್ಬರೂ ಒಳಗೆ ಮಲಗಿದಾಗ ಕಿಟಕಿಗಳೆಲ್ಲ ಮುಚ್ಚಿದ್ದವು. ಆದರೂ ಘಾಟು ಒಳಗೆ ಬಂತು. ಸುಮನಾ ಎದೆ ಹಿಡಿದುಕೊಂಡಳು. "ರೀ... ಯಾರೋ ಕೂತಿದಾರೆ ಎದೆ ಮೇಲೆ..." ಉಸಿರು ಒಳಗೆ ಹೋಗುತ್ತಿತ್ತು. ಹೊರಗೆ ಬರುತ್ತಿರಲಿಲ್ಲ. ತುಟಿ ನೀಲಿಗಟ್ಟಿತು. ಅವಳ ಪಕ್ಕದಲ್ಲಿ ಹಾಸಿಗೆ ತಾನಾಗಿಯೇ ಕುಸಿಯಿತು. ಯಾರೋ ಕಾಲು ಚಾಚಿದಂತೆ ಉದ್ದಕ್ಕೂ ಕುಸಿಯಿತು. ಅವಳ ಬಾಯಿ ತೆರೆಯಿತು. ಬಂದದ್ದು ಯಾವುದೋ ಮುದುಕನ ದನಿ.

"ಬಾ ಅಂತ ಕರೆದೋರ ಮೈಗೆ ಹೋಗ್ತೀನಿ. ಕರೆಯೋರಿಲ್ಲದಿದ್ರೆ ಇವಳೇ ಸಾಕು."

'ನನ್ನ ಮೈಗೆ ಬಾ' ಎಂದು ಅವನೇ ಅನ್ನಬಹುದಿತ್ತು. ಒಂದು ಮಾತು. ಹೆಂಡತಿ ಕಣ್ಣೆದುರೇ ಒದ್ದಾಡುತ್ತಿದ್ದಳು. ಅವನ ನಾಲಿಗೆ ಏಳಲಿಲ್ಲ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಆಗಲೂ ಏಳಲಿಲ್ಲ. ಕೈ ಮಾತ್ರ ಕೀಲಿಯನ್ನು ತಿರುಗಿಸಿತು.

ಅಂಗಳಕ್ಕೆ ಬಂದು ನಿಂತ ವ್ಯಾನಿನ ಸದ್ದಿಗೆ ಶಾಂತಕ್ಕ ಟಾರ್ಚ್ ಹಿಡಿದು ಬಾಗಿಲಿಗೆ ಬಂದಳು. ಅವನ ತೋಳಲ್ಲಿ ಜೋತುಬಿದ್ದಿದ್ದ ಸುಮನಾಳನ್ನು ಕಂಡು ಹೊಸ್ತಿಲಲ್ಲೇ ನಿಂತಳು.

"ಅಲ್ಲಿಗೆ ಹೋಗಿದ್ರಾ? ಎಂತಾದ್ರೂ ಮುಟ್ಟಿದ್ರಾ? ನಿಜ ಹೇಳಿ ಮಾರಾಯ್ರೇ."

"ಇಲ್ಲಕ್ಕ, ದೇವರಾಣೆ. ತಿಂದದ್ದೇನೋ ಆಗಿಬರಲಿಲ್ಲ."

ಅವಳ ಮುಖ ಸಡಿಲವಾಯಿತು. "ಅಯ್ಯೋ, ಮತ್ತೆಂತಕ್ಕೆ ಹೊರಗೆ ನಿಂತಿದ್ದು? ಬಾ ತಂಗಿ, ಒಳಗೆ ಬಾ."

ಸುಮನಾ ದೀರ್ಘವಾಗಿ ಉಸಿರು ಬಿಟ್ಟಳು. ತುಟಿಗೆ ಬಣ್ಣ ಬಂತು. ಘಾಟು ಪ್ರಶಾಂತನ ಮುಖ ಸವರಿಕೊಂಡು ಮುಂದೆ ಹೋಯಿತು. ಟಾರ್ಚ್ ನೆಲಕ್ಕೆ ಬಿತ್ತು. ಶಾಂತಕ್ಕ ಎದೆ ಒತ್ತಿಕೊಂಡು ಹೊಸ್ತಿಲ ಮೇಲೆ ಕುಸಿದಳು.

"ನಂಗೆಂತದೋ... ಉಸಿರೇ..." ಎಂದವಳು, ಅಷ್ಟರಲ್ಲೂ ಒಳಗೆ ಕೈ ತೋರಿಸಿದಳು. "ತಂಗಿಗೆ ಮೊದ್ಲು ನೀರು ಕುಡಿಸಿ. ಹಂಡೆ ಪಕ್ಕ ಚೊಂಬಿದೆ."

ಈಗಲಾದರೂ ನಿಜ ಹೇಳಬಹುದಿತ್ತು. ನಾಲ್ಕು ಮನೆಯವರನ್ನು ಕೂಗಬಹುದಿತ್ತು. ಅವಳು ಅವನನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ಅನುಮಾನವೇ ಇರಲಿಲ್ಲ. ಅದನ್ನು ತಾಳಲಾರದೆ ಅವನು ಮುಖ ತಿರುಗಿಸಿ, ಅರೆಪ್ರಜ್ಞೆಯ ಸುಮನಾಳನ್ನು ಎತ್ತಿಕೊಂಡು, ಕಳ್ಳನ ಹಾಗೆ ವ್ಯಾನು ಹತ್ತಿದ.

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಬೆಳಕು ಹರಿಯಿತು. ಸುಮನಾ ಎದ್ದು ಕೂತು ಕೂದಲು ಕಟ್ಟಿಕೊಂಡಳು.

"ಯಾರೋ 'ಬಾ ತಂಗಿ' ಅಂದದ್ದಷ್ಟೇ ನೆನಪು. ಆ ಅಂಗಡಿ ಅಕ್ಕ ಅಲ್ವಾ? ಅವರಿಗೆ ಒಂದು ಥ್ಯಾಂಕ್ಸ್ ಆದ್ರೂ ಹೇಳಿದ್ರಾ?"

"ಹೇಳಿದೆ" ಎಂದ ಪ್ರಶಾಂತ.