ಗಾಳಿ ನುಸುಳಿದ ಪಾದ

"ತಪ್ಪೆಲ್ಲ ನಂದೇ," ಅಂದ ಅವನು, ವರ್ಕ್‌ಶಾಪಿನ ಬಾಗಿಲಲ್ಲೇ ನಿಂತು. "ಅಕ್ಕನಿಗೆ ಪಾದ ಸರಿಯಾಗಿ ಕೂರಿಸಿರಲಿಲ್ಲ ಅನ್ಸುತ್ತೆ. ಓಡ್ತಿದ್ದಾಗಲೇ ಸೀಳಿಹೋಯ್ತು. ಬಿದ್ದು ಕೈ ಮುರ್ಕೊಂಡಿದ್ದಾಳೆ."

ಕೃತಕ ಕಾಲು ಜೋಡಿಸೋದು ಅವನ ಕೆಲಸ. ಆ ಪಾದ ಮಾಡಿಕೊಟ್ಟವಳು ಈ ವರ್ಕ್‌ಶಾಪಿನ ಇವಳು. ಹಳೇ ವಿಮಾನದ ರೆಕ್ಕೆಗಳನ್ನು ಕುಲುಮೆಯಲ್ಲಿ ಸುಟ್ಟು, ಉಳಿದ ಕಾರ್ಬನ್ ಎಳೆಗಳನ್ನು ಹಾಸಿ, ಹೊಸ ಅಂಟು ಕುಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಗಾಳಿಯೆಲ್ಲ ಹೀರಿ ತೆಗೆದು ಓವನ್‌ನಲ್ಲಿ ಬೇಯಿಸುತ್ತಿದ್ದಳು.

ಅವನು ಮುರಿದ ಪಾದವನ್ನು ಮೇಜಿನ ಮೇಲಿಟ್ಟ. ಸೀಳಿನೊಳಗೆ ಸಾಸಿವೆಯಷ್ಟು ಗುಳ್ಳೆಗಳು. ಒಳಗೆ ಗಾಳಿ ಉಳಿದುಹೋದ ಗುರುತು ಅದೆಂದು ಅವಳಿಗೆ ಕೂಡಲೇ ಗೊತ್ತಾಯಿತು.

ಅದನ್ನು ಮಾಡುವಾಗ ಅವನು ಪಕ್ಕದಲ್ಲೇ ಇದ್ದ. "ಮೂಗಿನ ಮೇಲೆ ಮಸಿ," ಅಂದು, ಒರೆಸಲಾ ಅಂತ ಕಣ್ಣಲ್ಲೇ ಕೇಳಿದ್ದ. ಗಾಳಿ ಹೀರುವ ಪಂಪಿನ ಮಾಪಕದ ಮುಳ್ಳು ಇಳಿಯುತ್ತಿದ್ದದ್ದು ಅವಳಿಗೆ ಕಂಡಿತ್ತು. ಚೀಲದೊಳಗೆ ಎಲ್ಲಿಂದಲೋ ಗಾಳಿ ನುಸುಳುತ್ತಿತ್ತು. ಆ ನೋಟ ಬಿಟ್ಟೇಳಲು ಮನಸ್ಸು ಬರಲಿಲ್ಲ. ಏನೂ ಆಗಲ್ಲ ಅಂದುಕೊಂಡಳು.

ಈಗ ಸುಮ್ಮನಿದ್ದುಬಿಟ್ಟಿದ್ದರೆ ತಪ್ಪು ತನ್ನದೇ ಅಂತ ಅವನು ನಂಬುತ್ತಿದ್ದ. ಅವನ ಕೆಂಪಗಾದ ಕಣ್ಣು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ನೀನು ಕೂರಿಸಿದ್ದು ಸರಿಯಾಗೇ ಇತ್ತು. ಚೀಲದೊಳಗೆ ಗಾಳಿ ನುಸುಳ್ತಿದ್ದದ್ದು ನಾನು ನೋಡಿದ್ದೆ. ನೋಡಿನೂ ಬಿಟ್ಟೆ. ಎದ್ರೆ ನೀನು ಹೊರಟುಬಿಡ್ತೀಯೇನೋ ಅಂತ."

"ಒಂದು ಮಾತು ಹೇಳಿದ್ರೆ ಕಾಯ್ತಿದ್ನಲ್ಲ!" ಅಂದವನು ತಿರುಗಿಯೂ ನೋಡದೆ ಹೊರಟುಹೋದ.

ಮರುದಿನ ಅವಳು ಅವನ ಅಕ್ಕನ ಮನೆಗೇ ಹೋಗಿ ಎಲ್ಲ ಹೇಳಿದಳು.

"ಅಂದ್ರೆ, ನಿಮ್ಮ ಕಣ್ಣಾಟಕ್ಕೆ ನನ್ನ ಕೈ ಮುರೀತು ಅನ್ನು."

"ಕ್ಷಮಿಸಿ ಅನ್ನೋಕೂ ಬಾಯಿ ಬರ್ತಿಲ್ಲ ಅಕ್ಕಾ."

ಅಕ್ಕ ಕೈಯ ಪ್ಲಾಸ್ಟರ್ ಸವರಿಕೊಂಡಳು. "ನನಗೆ ಓಡಬೇಕು ಕಣೇ. ಇನ್ನೊಂದು ಮಾಡು. ನೆಟ್ಟಗೆ ಮಾಡು."

ಹೊಸ ಪಾದಕ್ಕೆ ಎಳೆ ಹಾಸುತ್ತಿದ್ದಾಗ ಅವನು ಬಂದ. ಕುರ್ಚಿ ಎಳೆದು ಬೆನ್ನು ತಿರುಗಿಸಿ ಕೂತ.

"ಅಕ್ಕ ಕಳಿಸಿದಳು. ನಾನು ಗೋಡೆ ನೋಡ್ತೀನಿ, ನೀನು ಮುಳ್ಳು ನೋಡು."

ಅವಳು ಚೀಲದ ಅಂಚಿನುದ್ದಕ್ಕೂ ಬೆರಳಾಡಿಸಿ, ಸಣ್ಣದೊಂದು ಸಂದು ಹುಡುಕಿ ಮುಚ್ಚಿದಳು. ಮುಳ್ಳು ಕದಲದೆ ನಿಂತಿತು.

"ಸಿಟ್ಟು ಹೋಯ್ತಾ?"

"ಇನ್ನೂ ಇಲ್ಲ."

"ಮತ್ತೆ ಯಾಕೆ ಬಂದೆ?"

"ಪ್ರೀತಿನೂ ಹೋಗಿಲ್ವಲ್ಲ," ಅಂದ ಅವನು ಗೋಡೆಗೆ.

ಅವಳ ಕಣ್ಣು ಮಂಜಾಯಿತು. ತೋಳಿನಿಂದ ಒರೆಸಿಕೊಂಡು ಮತ್ತೆ ಮುಳ್ಳನ್ನೇ ನೋಡಿದಳು. ಓವನ್ನಿನ ಬಾಗಿಲು ಹಾಕಿ, ಬಿಸಿ ಏರಿದ್ದು ಖಾತ್ರಿಯಾದ ಮೇಲಷ್ಟೇ ಅವನ ಹೆಗಲು ಮುಟ್ಟಿದಳು.

"ಈಗ ತಿರುಗು."