ನಾಯಿ ಬಾಯಿಗೆ ಬಂದ ಹಾಡು

ಬೀದಿನಾಯಿಯೊಂದು ವೇದಿಕೆ ಹತ್ತಿದಾಗ ರಾಗಿಣಿ ಹಾಡಿನ ಎತ್ತರದ ಸ್ವರಕ್ಕೆ ಬಂದಿದ್ದಳು.

ಮುಂದಿನ ಸಾಲಿನ ಕುರ್ಚಿಯಲ್ಲಿ ಅನಘಾ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಮೊಬೈಲಿನಲ್ಲಿ ದಿನಾ ಕೇಳುವ ಹಾಡಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವಳು ಪಕ್ಕದಲ್ಲಿದ್ದ ಸ್ಪಂದನಳನ್ನು ಮೊಣಕೈಯಿಂದ ತಿವಿದಳು.

ತಿವಿಯಲು ಕಾರಣವಿತ್ತು. ಇಬ್ಬರೂ ಐದನೇ ಕ್ಲಾಸು, ಒಂದೇ ಬೆಂಚು. ಪಾಪ್ ಸಿಂಗರ್‌ಗಳ ಹಾಡನ್ನೆಲ್ಲ ಸ್ಟುಡಿಯೋದಲ್ಲಿ ಕಂಪ್ಯೂಟರೇ ಸರಿ ಮಾಡುತ್ತದೆ, ಎದುರಿಗೆ ನಿಲ್ಲಿಸಿದರೆ ನಿನ್ನ ರಾಗಿಣಿಗೆ ಒಂದು ಸಾಲೂ ಬರುವುದಿಲ್ಲ ಎಂದು ಸ್ಪಂದನ ಹೇಳಿದ್ದಳು. ಅನಘಾಳಿಗೆ ಮೈಯೆಲ್ಲ ಉರಿದುಹೋಗಿತ್ತು. ಅಂದಿನಿಂದ ನಡುವೆ ಬ್ಯಾಗು ಇಟ್ಟುಕೊಂಡು ಕೂರುತ್ತಿದ್ದಳು. ಮಾತು ಬಂದ್.

ಅಷ್ಟರಲ್ಲಿ ವಿಜಯನಗರದಲ್ಲಿ ಒಂದು ಬ್ಯಾನರ್ ಕಟ್ಟಿದರು. ಕಾಂತರಾಜು ಅವರ ಹೊಸ ಪಾತ್ರೆ ಅಂಗಡಿಯ ಓಪನಿಂಗ್‌ಗೆ ರಾಗಿಣಿಯೇ ಬರುತ್ತಾಳಂತೆ. ಅನಘಾ ಬ್ಯಾಗು ಸರಿಸಿ, ಬಂದು ಕೇಳು, ಆಮೇಲೆ ಸಾರಿ ಕೇಳು ಎಂದಳು. ಅವಳ ಅಜ್ಜಿ ಹನುಮಕ್ಕ ಇಬ್ಬರನ್ನೂ ಕರೆದುಕೊಂಡು ಬಂದಿದ್ದರು. ಅಜ್ಜಿಗೆ ಹಾಡಿನ ಚಿಂತೆಯಿರಲಿಲ್ಲ, ಅವರಿಗೆ ಬೇಕಿದ್ದದ್ದು ಇಡ್ಲಿ ಕುಕ್ಕರ್.

ನಾಯಿಗೆ ಬೇಕಿದ್ದದ್ದು ಮೈಸೂರು ಪಾಕು. ಹಂಚುವುದಕ್ಕೆಂದು ವೇದಿಕೆಯ ಮೂಲೆಯಲ್ಲಿ ಡಬ್ಬ ಇಟ್ಟಿದ್ದರು. ಅದು ಮೂಸುತ್ತಾ ರಾಗಿಣಿಯ ಕಾಲ ಬಳಿ ಬಂತು. ರಾಗಿಣಿ ಬಾಯಿ ಮುಚ್ಚಿಕೊಂಡು ಪಕ್ಕದ ಕುರ್ಚಿ ಹತ್ತಿ ನಿಂತಳು.

ಹಾಡು ಮಾತ್ರ ನಿಲ್ಲಲಿಲ್ಲ. "ಮೋಡಕ್ಕೊಂದು ಮಿಸ್ಡ್ ಕಾಲ್ ಕೊಟ್ಟೇಏಏ" ಎಂದು ಸ್ಪೀಕರ್ ತನ್ನ ಪಾಡಿಗೆ ತಾನು ಜೇನಿನಂಥ ದನಿಯಲ್ಲಿ ಎಳೆಯುತ್ತಿತ್ತು. ನಾಯಿ ವೇದಿಕೆಯ ನಟ್ಟನಡುವೆ ಕೂತು, ಜನರ ಕಡೆ ತಿರುಗಿ, ಕತ್ತೆತ್ತಿ ಬಾಯಿ ತೆರೆಯಿತು. ಸರಿಯಾಗಿ ಆ "ಏಏ" ಬರುವ ಹೊತ್ತಿಗೆ.

ನಾಯಿಯೇ ಹಾಡುತ್ತಿರುವಂತೆ ಕಂಡಿತು. ಅದೂ ಬಹಳ ಚೆನ್ನಾಗಿ.

"ಪರವಾಗಿಲ್ಲ ಕಣೇ, ಶ್ರುತಿ ಬಿಟ್ಟಿಲ್ಲ," ಎಂದರು ಹನುಮಕ್ಕ.

ಕಾಂತರಾಜು ಗಾಬರಿಯಾಗಿ, ರಾಗಿಣಿಗೆಂದು ತಂದಿದ್ದ ಹಾರವನ್ನೇ ಬೀಸಿ ನಾಯಿಯನ್ನು ಓಡಿಸಲು ಹೋದರು. ಹಾರ ಕೈತಪ್ಪಿ ನಾಯಿಯ ಕೊರಳಿಗೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಎಲ್ಲರ ಮೊಬೈಲುಗಳೂ ಮೇಲೆದ್ದವು. ಸೌಂಡಿನವನು ಹೆದರಿ ಹಾಡನ್ನು ನಿಲ್ಲಿಸಿಬಿಟ್ಟ.

"ಗುರು, ನಾಯಿ ಕೈಲೇ ಇನ್ನೊಂದು ಹಾಡ್ಸಪ್ಪ," ಎಂದಿತು ಹಿಂದಿನಿಂದ ಒಂದು ದನಿ.

ಅನಘಾಳ ಕಿವಿ ಬಿಸಿಯಾಯಿತು. ಸ್ಪಂದನಳ ಕಡೆ ನೋಡುವ ಧೈರ್ಯ ಬರಲಿಲ್ಲ. ರಾಗಿಣಿ ಕಾರು ಹತ್ತಿ ಹೊರಟುಹೋದರೆ ಸಾಕು ಎನಿಸಿತು.

ರಾಗಿಣಿ ಹೋಗಲಿಲ್ಲ. ಕುರ್ಚಿಯಿಂದ ಇಳಿದಳು, ಮೈಕನ್ನು ಬಾಯಿಗೆ ಹಿಡಿದಳು, ಮ್ಯೂಸಿಕ್ಕಿಲ್ಲದೆ ಹಾಡತೊಡಗಿದಳು. ಆಗತಾನೇ ನಿದ್ದೆಯಿಂದ ಎದ್ದವರ ಹಾಗಿತ್ತು ಗಂಟಲು. ಕೆಳಗೆ ನಡುಗಿತು, ಮೇಲೆ ಒಡೆಯಿತು. ಎರಡು ಸಾಲು ಮುಗಿಸಿ ನಿಂತೇಬಿಟ್ಟಳು. ಬಾಯಿ ತೆರೆದೇ ಇತ್ತು, ಪದ ಬರಲಿಲ್ಲ. ಇಷ್ಟು ದಿನ ತುಟಿ ಆಡಿಸಿ ಆಡಿಸಿ ತನ್ನ ಹಾಡೇ ಅವಳಿಗೆ ಮರೆತುಹೋಗಿತ್ತು.

ಅನಘಾ ಕೂತಲ್ಲೇ ಮುಂದಿನ ಸಾಲು ಹೇಳಿಕೊಟ್ಟಳು. ಅದು ವೇದಿಕೆಯವರೆಗೆ ಮುಟ್ಟಲಿಲ್ಲ. ಆಗ ಸ್ಪಂದನ ಎದ್ದು ನಿಂತು, ಕ್ಲಾಸಿನಲ್ಲಿ ಅಟೆಂಡೆನ್ಸ್‌ಗೆ ಕೂಗುವ ಹಾಗೆ ಕೂಗಿದಳು: "ಛತ್ರಿ ಕೇಳ್ತು ಯಾರು ಅಂತ, ಹನಿ ಅಂತು ನಾನೇ ಅಂತ."

"ನಿಂಗೆ ಹೇಗೆ ಗೊತ್ತು?" ಎಂದಳು ಅನಘಾ.

"ದಿನಾ ನನ್ನ ಕಿವಿ ಹತ್ರ ಹಾಡೋದು ಯಾರೇ?"

ರಾಗಿಣಿ ವೇದಿಕೆಯ ಅಂಚಿಗೆ ಬಂದು ಕುಕ್ಕರಗಾಲಿನಲ್ಲಿ ಕೂತಳು. ಮಕ್ಕಳಿಬ್ಬರೂ ಒಂದೊಂದೇ ಸಾಲು ಹೇಳಿಕೊಟ್ಟರು, ಅವಳು ಹಾಡಿದಳು. ಸಾಲು ಮುಗಿದಾಗಲೆಲ್ಲ ಅವಳು ಉಸಿರೆಳೆದುಕೊಳ್ಳುವ ಸದ್ದು ಮೈಕಿನಲ್ಲಿ ಬುಸ್ಸೆಂದು ಕೇಳುತ್ತಿತ್ತು. ಮೊಬೈಲಿನ ಹಾಡಿನಲ್ಲಿ ಆ ಸದ್ದು ಅನಘಾಳಿಗೆ ಯಾವತ್ತೂ ಕೇಳಿರಲಿಲ್ಲ. ಕೆಲವರು ನಗುತ್ತಲೇ ಇದ್ದರು, ಕೆಲವರು ಎದ್ದು ಹೋದರು, ಉಳಿದವರು ಮೆಲ್ಲಗೆ ತಾಳ ಹಾಕಿದರು. ನಾಯಿ ಹಾರ ಹಾಕಿಕೊಂಡೇ ಮೈಸೂರು ಪಾಕು ಮುಗಿಸಿತು.

ಆಮೇಲೆ ಅಜ್ಜಿ ಅಂಗಡಿಯೊಳಗೆ ಕುಕ್ಕರುಗಳ ಮುಚ್ಚಳ ತಿರುಗಿಸಿ ನೋಡುತ್ತಿದ್ದಾಗ, ರಾಗಿಣಿ ಪಾತ್ರೆಗಳ ಪಕ್ಕದಲ್ಲಿ ಕೂತು ಸ್ಟೀಲ್ ಲೋಟದಲ್ಲಿ ಬಿಸಿನೀರು ಕುಡಿಯುತ್ತಿದ್ದಳು. ಮಕ್ಕಳನ್ನು ಹತ್ತಿರ ಕರೆದಳು.

"ನಿಜ ಹೇಳಿ. ಹೇಗಿತ್ತು?"

ಸೂಪರ್ ಅಕ್ಕ ಎನ್ನುವ ಮಾತು ಅನಘಾಳ ನಾಲಿಗೆ ತುದಿಯಲ್ಲೇ ಇತ್ತು. ಆದರೆ ರಾಗಿಣಿ ಕುಡಿಯುವುದನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದಳು.

"ಮೇಲಿನ ಸ್ವರ ಸಿಗಲೇ ಇಲ್ಲ ಅಕ್ಕ," ಎಂದಳು. ಸ್ಪಂದನ ಅವಳನ್ನು ಚಿವುಟಿದಳು. "ಆದ್ರೆ ನೀವು ನಮ್ಮನ್ನ ನೋಡ್ಕೊಂಡು ಹಾಡಿದ್ರಿ," ಎಂದು ಸೇರಿಸಿದಳು ಅನಘಾ.

ರಾಗಿಣಿ ಲೋಟದಲ್ಲಿ ಉಳಿದಿದ್ದ ನೀರನ್ನು ಕುಡಿದು ಮುಗಿಸಿದಳು. ಆಮೇಲೆ, ಹಾಗಾದರೆ ಮತ್ತೊಮ್ಮೆ ಹಾಡಿದರೆ ಬರುತ್ತೀರಾ ಎಂದು ಕೇಳಿದಳು. ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು.

ಮನೆಯ ದಾರಿಯಲ್ಲಿ ಅಜ್ಜಿ ಕುಕ್ಕರ್ ಹಿಡಿದು ಮುಂದೆ ನಡೆಯುತ್ತಿದ್ದರು. ನಾನು ಹೇಳಲಿಲ್ಲವಾ ಎಂದು ಸ್ಪಂದನ ಈಗ ಹೇಳುತ್ತಾಳೆ, ಆಗ ಹೇಳುತ್ತಾಳೆ ಎಂದು ಅನಘಾ ಕಾದಳು. ಸ್ಪಂದನ ಅದನ್ನು ಹೇಳದೆ ಹಾಡು ಶುರು ಮಾಡಿದಳು. ಅನಘಾಳೂ ಸೇರಿಕೊಂಡಳು. ಮಾರ್ಕೆಟ್ಟಿನ ಗದ್ದಲದಲ್ಲಿ ಕೂಗಿ ಕೂಗಿ ಹಾಡಿ ಸ್ಪಂದನಳಿಗೆ ಅರ್ಧದಲ್ಲೇ ಉಸಿರು ಕಟ್ಟಿತು.

ಅನಘಾ ಮುಂದಿನ ಸಾಲಿಗೆ ಹೋಗಲಿಲ್ಲ. ಸ್ಪಂದನ ಉಸಿರೆಳೆದುಕೊಳ್ಳುವವರೆಗೆ ಕಾಯುತ್ತಾ ನಿಂತಳು.